ಚಹಾ ಕುಡಿದು ಬರುವಷ್ಟರಲ್ಲಿ ಸತಾಯಿಸಿದ ಡೀಸೆಲ್ ಕಾರು

ಪ್ರಶ್ನೆ: ನಾನು ಸಿದ್ದಾಪುರದ ಹತ್ತಿರದ ಹಳ್ಳಿಯವನು, ಅಡಿಕೆ ತೋಟ ಇದೆ. ವಾರಕ್ಕೆ ಎರಡು ಸಲ ಶಿರಸಿ ಪೇಟೆಗೆ, ತಿಂಗಳಿಗೊಮ್ಮೆ ಅಮ್ಮನನ್ನು ಆಸ್ಪತ್ರೆಗೆ ತೋರಿಸಲು ಹುಬ್ಬಳ್ಳಿಗೆ ಹೋಗಬೇಕು. ನನ್ನ ಭಾವನ ಪರಿಚಯದವರ ಹತ್ತಿರ 2014ರ ಡೀಸೆಲ್ ಕಾರು ಮಾರಾಟಕ್ಕಿದೆ. 1.3 ಲೀಟರ್ ಎಂಜಿನ್, 1,18,000 ಕಿ.ಮೀ. ಓಡಿದೆ. 3.4 ಲಕ್ಷ ಹೇಳುತ್ತಿದ್ದಾರೆ. ಬೆಳಿಗ್ಗೆ ನೋಡಲು ಹೋದಾಗ ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ಒಂದು ನಿಮಿಷ ಬಿಳಿ ಹೊಗೆ, ಕಣ್ಣು ಉರಿ. ನಿಂತಲ್ಲಿ ಟಕ್ ಟಕ್ ಸದ್ದು ಸ್ವಲ್ಪ ಜಾಸ್ತಿ ಅನಿಸಿತು. ಆಮೇಲೆ 40 ಕಿ.ಮೀ. ಓಡಿಸಿದೆ, ಚೆನ್ನಾಗಿಯೇ ಎಳೆಯಿತು. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿ ಹದಿನೈದು ನಿಮಿಷ ಬಿಟ್ಟು ಹೊರಟಾಗಲೂ ಸ್ವಲ್ಪ ಹೊತ್ತು ತಿರುಗಿಸಬೇಕಾಯಿತು. ಒಬ್ಬ ಮೆಕ್ಯಾನಿಕ್ ‘ನಾಲ್ಕೂ ಇಂಜೆಕ್ಟರ್ ಹೋಗಿವೆ, ಒಂದು ಲಕ್ಷ ರೆಡಿ ಇಟ್ಕೊಳ್ಳಿ’ ಎಂದರು. ಇನ್ನೊಬ್ಬರು ‘ಡೀಸೆಲ್ ಗಾಡಿ ಅಂದ್ರೆ ಹಾಗೇ, ಗ್ಲೋ ಪ್ಲಗ್ ಹಾಕಿಸಿ, ಟ್ಯಾಂಕಿಗೆ ಒಂದು ಬಾಟ್ಲಿ ಕ್ಲೀನರ್ ಸುರೀರಿ’ ಎಂದರು. ಮಾಲೀಕರು 20,000 ಕಡಿಮೆ ಮಾಡಲು ಒಪ್ಪಿದ್ದಾರೆ. ಹತ್ತು ವರ್ಷ ದಾಟಿದ ಡೀಸೆಲ್ ಕಾರು ಬಂದ್ ಮಾಡುತ್ತಾರೆ ಅಂತ ವಾಟ್ಸಾಪ್‌ನಲ್ಲಿ ಬೇರೆ ಬರುತ್ತಿದೆ. ತಗೊಳ್ಳಲಾ, ಬಿಡಲಾ? ಜಾಸ್ತಿ ಪರೀಕ್ಷೆ ಗಿರೀಕ್ಷೆ ಅಂದರೆ ಭಾವನಿಗೆ ಬೇಜಾರಾಗಬಹುದು ಅನ್ನೋದೂ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ಅರ್ಧ ಭಾಗ ಬೆಳಗಿನ ಸ್ಟಾರ್ಟಿಂಗ್ ಬಗ್ಗೆ, ಹೊಗೆ ಬಗ್ಗೆ ಇದೆ. ನನ್ನ ಕಣ್ಣು ನಿಂತಿದ್ದು ಮಾತ್ರ ಚಹಾದ ಸಾಲಿನ ಮೇಲೆ. ಹುಬ್ಬಳ್ಳಿಯಲ್ಲಿ ಪಂಪ್, ನಾಜಲ್ ಕೆಲಸ ಮಾಡಿಕೊಂಡು ನನಗೆ 26 ವರ್ಷ ಆಯಿತು. ಬೆಳಿಗ್ಗೆ ಸತಾಯಿಸುವ ಕಾರಿಗೆ ಹತ್ತು ಕಾರಣ ಇರುತ್ತವೆ, ಅದರಲ್ಲಿ ಎಂಟು ಅಗ್ಗದವು. ಬಿಸಿ ಎಂಜಿನ್ ಹದಿನೈದು ನಿಮಿಷ ನಿಂತು ಮತ್ತೆ ಸತಾಯಿಸಿದರೆ ಕಾರಣಗಳ ಪಟ್ಟಿ ಬಹಳ ಚಿಕ್ಕದಾಗುತ್ತದೆ. ಆ ಪಟ್ಟಿಯಲ್ಲಿ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಮೇಲೆಯೇ ಇರುತ್ತದೆ.

ಹಾಗಂತ ನಿಮ್ಮ ಮೊದಲನೇ ಮೆಕ್ಯಾನಿಕ್ ಹೇಳಿದ್ದು ಸರಿ ಅಂತಲ್ಲ. ಇಬ್ಬರೂ ಬಾನೆಟ್ ಪಕ್ಕ ನಿಂತು ಕಿವಿಯಿಂದಲೇ ತೀರ್ಪು ಕೊಟ್ಟಿದ್ದಾರೆ. ಮಾಲೀಕರು ಬಿಟ್ಟುಕೊಟ್ಟ 20,000 ಕೂಡ ಅಂದಾಜಿನ ಮೇಲೆ ಬಂದ ಅಂಕಿ. ಅಳೆದು ನೋಡದೆ ಯಾರು ಹೇಳಿದ ರೇಟಿಗೂ ಅರ್ಥ ಇಲ್ಲ. ಈ ಕಾರಿನ ದೋಷ ಎಂಟು ಸಾವಿರದ್ದೂ ಇರಬಹುದು, ಒಂದೂವರೆ ಲಕ್ಷದ್ದೂ ಇರಬಹುದು. ಅದನ್ನು ಬೇರೆ ಮಾಡಿ ನೋಡುವ ಪರೀಕ್ಷೆ ಅರ್ಧ ದಿನದ ಕೆಲಸ ಅಷ್ಟೇ.

ಮೊದಲು ಇಂಜೆಕ್ಟರ್ ಏನು ಮಾಡುತ್ತೆ ನೋಡೋಣ. ಮಳೆಗಾಲದಲ್ಲಿ ಅಡಿಕೆ ಕೊನೆಗೆ ಬೋರ್ಡೋ ಔಷಧಿ ಹೊಡೆಸುವವರು ನೀವು, ನಿಮಗೆ ಇದು ಬೇಗ ಅರ್ಥ ಆಗುತ್ತದೆ. ನಾಜಲ್ ಚೆನ್ನಾಗಿದ್ದರೆ ಔಷಧಿ ಮಂಜಿನ ಹಾಗೆ ಹರಡುತ್ತದೆ. ತೂತು ಸವೆದರೆ ಪಿಚಕಾರಿ ಹಾಗೆ ಒಂದೇ ಧಾರೆ. ದಾರಿಯಲ್ಲಿ ಪೈಪಿನ ಜಾಯಿಂಟ್ ಸೋರುತ್ತಿದ್ದರೆ ಮೇಲಿರುವವನು ಎಷ್ಟು ಕೂಗಿದರೂ ಕೆಳಗಿನ ಪಂಪಿನಿಂದ ಪ್ರೆಶರ್ ಏರುವುದೇ ಇಲ್ಲ. ಕಾರಿನಲ್ಲೂ ಇವೇ ಎರಡು ರೋಗ, ಅಳತೆ ಮಾತ್ರ ಬೇರೆ. ನಿಮ್ಮ ಕಾರಿನ ಟೈರಿನಲ್ಲಿ ಇರುವ ಗಾಳಿ 2.2 ಬಾರ್ ಆಸುಪಾಸು. ಹಳೇ ಪ್ರೀ ಚೇಂಬರ್ ಡೀಸೆಲ್ ಎಂಜಿನ್‌ಗಳ ನಾಜಲ್ 150 ಬಾರ್ ಹತ್ತಿರ ತೆರೆದುಕೊಳ್ಳುತ್ತಿತ್ತು. ನೀವು ನೋಡಿದ ಕಾರಿನಲ್ಲಿ ಇರುವುದು ಕಾಮನ್ ರೈಲ್, ಅಂದರೆ ನಾಲ್ಕೂ ಇಂಜೆಕ್ಟರಿಗೆ ಡೀಸೆಲ್ ಹಂಚುವ ಒಂದೇ ಗಟ್ಟಿ ಕೊಳವೆ. ಅದರಲ್ಲಿ ಎಂಜಿನ್ ಆನ್ ಇಟ್ಟು ಸುಮ್ನೆ ನಿಂತಿದ್ದಾಗಲೇ 300 ಬಾರ್ ಹತ್ತಿರ, ಘಟ್ಟ ಹತ್ತುವಾಗ 1,600 ಬಾರ್ ವರೆಗೂ ಹೋಗುತ್ತದೆ. ನಾಜಲ್ ತುದಿಯ ಒಂದೊಂದು ತೂತೂ ಒಂದು ಮಿಲಿಮೀಟರಿನ ಏಳೆಂಟನೇ ಒಂದು ಪಾಲಿನಷ್ಟು. ಎಂಜಿನ್ 2,000 ಆರ್‌ಪಿಎಂನಲ್ಲಿ ಓಡುವಾಗ ಒಂದೊಂದು ಇಂಜೆಕ್ಟರಿನ ಸರದಿ ನಿಮಿಷಕ್ಕೆ ಸಾವಿರ ಸಲ ಬರುತ್ತದೆ, ಪ್ರತಿ ಸರದಿಯಲ್ಲೂ ಅದು ಒಂದಕ್ಕಿಂತ ಹೆಚ್ಚು ಸಲ ಚಿಮ್ಮಿಸುತ್ತದೆ. 1,18,000 ಕಿ.ಮೀ. ಓಡಿದ ಮೇಲೂ ಇದು ನಡೆಯುತ್ತಿದೆಯಲ್ಲ, ನನಗೆ ಈಗಲೂ ಆಶ್ಚರ್ಯ ಅದೇ.

ಈಗ ಚಹಾದ ವಿಷಯಕ್ಕೆ ಬರೋಣ. ಇಂಜೆಕ್ಟರಿನ ಒಳಗೆ ಒಂದು ಸಣ್ಣ ವಾಲ್ವ್ ಇದೆ, ಸಾಸಿವೆಗಿಂತ ಚಿಕ್ಕ ಗುಂಡು ಅದರ ಬಾಯಿ ಮುಚ್ಚಿರುತ್ತದೆ. ಒಳಗೆ ಬಂದ ಡೀಸೆಲ್‌ನಲ್ಲಿ ಸ್ವಲ್ಪ ಇದರ ಮೂಲಕ ವಾಪಸ್ ಟ್ಯಾಂಕಿಗೆ ಹೋಗುತ್ತದೆ, ಅದು ಸಹಜ. ಗುಂಡು ಕೂರುವ ಜಾಗ ಸವೆದರೆ ವಾಪಸ್ ಹೋಗುವುದು ಜಾಸ್ತಿ ಆಗುತ್ತದೆ. ಎಂಜಿನ್ ಓಡುತ್ತಿರುವಾಗ ಪಂಪ್ ಜೋರಾಗಿ ತಿರುಗುವುದರಿಂದ ಸೋರಿದ್ದು ತಿಳಿಯುವುದಿಲ್ಲ. ಸೆಲ್ಫ್ ಹೊಡೆಯುವಾಗ ಮಾತ್ರ ಪಂಪ್ ನಿಧಾನ. ಆಗ ತುಂಬಿದಷ್ಟೂ ಸೋರಿ ಹೋದರೆ ರೈಲಿನಲ್ಲಿ ಬೇಕಾದ ಪ್ರೆಶರ್ ಏರುವುದಿಲ್ಲ. ಅದು ಏರುವ ತನಕ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಡೀಸೆಲ್ ಬಿಡುವುದೂ ಇಲ್ಲ. ನೀವು ಕೀ ತಿರುಗಿಸಿ ಹಿಡಿದು ಕೂತಿರುತ್ತೀರಿ, ಅದು ಕಾಯುತ್ತಿರುತ್ತದೆ. ಇನ್ನು ಬಿಸಿಯಾದ ಡೀಸೆಲ್ ತೆಳುವಾಗುತ್ತದೆ, ಸಣ್ಣ ಸಂದಿನಲ್ಲೂ ನುಸುಳುತ್ತದೆ. ಹಾಗಾಗಿ ಸೋರುವ ಇಂಜೆಕ್ಟರ್ ಬೆಳಿಗ್ಗೆಗಿಂತ ಬಿಸಿಯಲ್ಲೇ ಜಾಸ್ತಿ ಸತಾಯಿಸುತ್ತದೆ. ಕಾರು ನೋಡಲು ಹೋದವರು ಬೆಳಿಗ್ಗೆ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ನೋಡಬೇಕು ಅನ್ನೋದು ಎಲ್ಲರಿಗೂ ಗೊತ್ತಿದೆ. ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡುವವರು ಕಡಿಮೆ. ನೀವು ಗೊತ್ತಿಲ್ಲದೇ ಆ ಪರೀಕ್ಷೆ ಮಾಡಿದ್ದೀರಿ.

ಬೆಳಗಿನ ಬಿಳಿ ಹೊಗೆ ಇನ್ನೊಂದು ಕಥೆ. ಕಣ್ಣು ಉರಿಯಿತು ಅಂದಿರಿ. ಅದು ಉರಿಯದ ಡೀಸೆಲ್ಲಿನ ಹೊಗೆ. ರೇಡಿಯೇಟರಿನ ನೀರು ಒಳಗೆ ಹೋಗಿ ಬರುವ ಬಿಳಿ ಹೊಗೆ ಕಣ್ಣಿಗೆ ಹಾಗೆ ಕುಟುಕುವುದಿಲ್ಲ, ಸ್ವಲ್ಪ ಸಿಹಿ ವಾಸನೆ ಬರುತ್ತದೆ, ಎಂಜಿನ್ ಬಿಸಿಯಾದ ಮೇಲೂ ನಿಲ್ಲುವುದಿಲ್ಲ. ನಿಮ್ಮದು ಒಂದು ನಿಮಿಷಕ್ಕೆ ನಿಂತಿದೆ, ಹಾಗಾಗಿ ‘ಹೆಡ್ ಗ್ಯಾಸ್ಕೆಟ್ ಹೋಗಿದೆ’ ಅನ್ನುವ ಭಯ ಸದ್ಯಕ್ಕೆ ಬೇಡ. ಯಾವುದೋ ಒಂದು ನಾಜಲ್ ಮಂಜು ಮಾಡದೆ ಹನಿ ಹಾಕುತ್ತಿರಬಹುದು. ಅಥವಾ ಒಂದು ಸಿಲಿಂಡರಿನ ಕಂಪ್ರೆಶನ್, ಅಂದರೆ ಗಾಳಿ ಒತ್ತುವ ಬಲ, ಕಡಿಮೆ ಇರಬಹುದು. ತಣ್ಣಗಿನ ಸಿಲಿಂಡರನ್ನು ಬಿಸಿ ಮಾಡುವ ಗ್ಲೋ ಪ್ಲಗ್ ಹೋಗಿದ್ದರೂ ಸ್ವಲ್ಪ ಹೊಗೆ ಬರುತ್ತದೆ. ಆದರೆ ನಮ್ಮ ಹವೆಯಲ್ಲಿ ಆರೋಗ್ಯವಾಗಿರುವ ಕಾಮನ್ ರೈಲ್ ಎಂಜಿನ್ ಗ್ಲೋ ಪ್ಲಗ್ ಇಲ್ಲದೆಯೂ ಸ್ಟಾರ್ಟ್ ಆಗುತ್ತದೆ. ಹಿಮ ಬೀಳುವ ಊರಿನಲ್ಲಿ ಅದರ ಮೇಲೆ ತಪ್ಪು ಹೊರಿಸಬಹುದು. ಸಿದ್ದಾಪುರದಲ್ಲಿ ಮೂರು ಸಲ ಸೆಲ್ಫ್ ಹೊಡೆದ ಕಾರಿಗೆ ಅದೊಂದೇ ಕಾರಣ ಅಂದರೆ ನಾನು ನಂಬುವುದಿಲ್ಲ. ಮತ್ತೆ ಬಿಸಿಯಾಗಿದ್ದ ಎಂಜಿನ್ ಚಹಾ ಆದ ಮೇಲೆ ಸತಾಯಿಸಿದ್ದಕ್ಕೂ ಗ್ಲೋ ಪ್ಲಗ್‌ಗೂ ಸಂಬಂಧವೇ ಇಲ್ಲ.

ಇಂಜೆಕ್ಟರಿಗೆ ಕೈ ಹಾಕುವ ಮುಂಚೆ ಅಗ್ಗದ ಕಾರಣಗಳನ್ನು ಬದಿಗೆ ಸರಿಸಬೇಕು. ಬ್ಯಾಟರಿ ಹಳೆಯದಾಗಿ ಸೆಲ್ಫ್ ನಿಧಾನ ತಿರುಗಿದರೂ ಪ್ರೆಶರ್ ಏರುವುದಿಲ್ಲ, ಹೆಡ್‌ಲೈಟ್ ಹಾಕಿಟ್ಟು ಸೆಲ್ಫ್ ಹೊಡೆದರೆ ಅಂದಾಜು ಸಿಗುತ್ತದೆ. ಡೀಸೆಲ್ ಫಿಲ್ಟರ್ ಬದಲಿಸುವಾಗ ವಾಷರ್ ಸರಿಯಾಗಿ ಕೂರಿಸದೆ ಗಾಳಿ ಎಳೆಯುವುದು ತುಂಬಾ ಸಾಮಾನ್ಯ. ರಾತ್ರಿ ಪೂರ್ತಿ ನಿಂತಾಗ ಪೈಪಿನ ಡೀಸೆಲ್ ಟ್ಯಾಂಕಿಗೆ ಇಳಿದು ಹೋಗುತ್ತದೆ, ಬೆಳಿಗ್ಗೆ ಪಂಪಿಗೆ ಗಾಳಿ ಸಿಗುತ್ತದೆ. ಇದನ್ನು ನೋಡಲು ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿದರೆ ಸಾಕು. ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತದೆ. ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ಒಂದು ಗ್ಲಾಸಿಗೆ ಸ್ವಲ್ಪ ಡೀಸೆಲ್ ಇಳಿಸಿ. ನೀರು ಇದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಆ ಗ್ಲಾಸನ್ನು ಬಿಸಿಲಿಗೆ ಹಿಡಿದು ನೋಡಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇಷ್ಟು ಸರಿ ಇದ್ದರೆ ಬಾಟಲಿ ಪರೀಕ್ಷೆ. ಇದರ ಸಾಮಾನು ನಮ್ಮ ಶೆಡ್ಡಿನಲ್ಲಿ ಗೋಡೆಗೆ ನೇತಾಡುತ್ತಿರುತ್ತದೆ. ಒಂದು ಹಲಗೆ, ಅದಕ್ಕೆ ತಂತಿಯಲ್ಲಿ ಕಟ್ಟಿದ ನಾಲ್ಕು ಸಣ್ಣ ಪ್ಲಾಸ್ಟಿಕ್ ಬಾಟಲಿ, ನಾಲ್ಕಕ್ಕೂ ಸಲೈನ್ ಪೈಪ್. ಹೌದು, ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುತ್ತಾರಲ್ಲ, ಅದೇ. ಇಂಜೆಕ್ಟರಿನ ತಲೆಯ ಮೇಲೆ ಪೆನ್ನಿನ ರೀಫಿಲ್‌ಗಿಂತ ಸ್ವಲ್ಪ ದಪ್ಪದ ರಿಟರ್ನ್ ಪೈಪ್ ಕ್ಲಿಪ್ಪಿನಲ್ಲಿ ಕೂತಿರುತ್ತದೆ. ಅದನ್ನು ಎತ್ತಿ ಈ ಪೈಪ್ ಸಿಕ್ಕಿಸಬೇಕು. ಎಂಜಿನ್ ಬಿಸಿ ಇರಬೇಕು, ಅದು ಮುಖ್ಯ. ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ಬಿಟ್ಟು ನೋಡಿ. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ನಾಲ್ಕೂ ಬಾಟಲಿಯಲ್ಲಿ ಡೀಸೆಲ್ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ನಿಧಾನಕ್ಕೆ ಏರುತ್ತದೆ. ಕೆಟ್ಟದ್ದು ಇದ್ದರೆ ಒಂದು ಬಾಟಲಿ ಓಡಿ ಓಡಿ ತುಂಬುತ್ತದೆ, ಪಕ್ಕದ್ದು ಇನ್ನೂ ತಳದಲ್ಲೇ ಇರುತ್ತದೆ. ಗಿರಾಕಿಗೆ ಏನೂ ವಿವರಿಸಬೇಕಾಗಿಲ್ಲ. ‘ಅದು ಮೂರನೇದಾ ಸರ್?’ ಅಂತ ಅವರೇ ಕೇಳುತ್ತಾರೆ.

ಒಂದೇ ಬಾಟಲಿ ಓಡಿದರೆ ದೋಷ ಒಂದು ಇಂಜೆಕ್ಟರಿನದು. ನಾಲ್ಕೂ ಸಮನಾಗಿ, ಆದರೆ ಜಾಸ್ತಿ ತುಂಬಿದರೆ ಇಡೀ ಸೆಟ್ ಸವೆದಿದೆ. ನಾಲ್ಕೂ ಸರಿ ಇದ್ದೂ ಸ್ಟಾರ್ಟ್ ಆಗಲು ಸತಾಯಿಸಿದರೆ ಪಂಪ್, ರೆಗ್ಯುಲೇಟರ್, ಸೆನ್ಸರ್ ಕಡೆ ನೋಡಬೇಕು. ಆಗ ನೀವು ನಿಮ್ಮ ಮೊದಲನೇ ಮೆಕ್ಯಾನಿಕ್ ಮಾತು ಕೇಳಿ ನಾಲ್ಕು ಇಂಜೆಕ್ಟರ್ ಹಾಕಿಸಿದ್ದರೆ ಕಾರು ಹಾಗೇ ಇರುತ್ತಿತ್ತು, ದುಡ್ಡು ಹೋಗಿರುತ್ತಿತ್ತು. ಹಾಗೆ ಆದವರು ನನ್ನ ಹತ್ತಿರ ವರ್ಷಕ್ಕೆ ಹತ್ತಾರು ಜನ ಬರುತ್ತಾರೆ.

ಇಲ್ಲೊಂದು ಎಚ್ಚರಿಕೆ. ನಾನು ಹೇಳಿದ್ದು ರಿಟರ್ನ್ ಪೈಪ್ ಬಗ್ಗೆ. ಪಕ್ಕದಲ್ಲೇ ಸ್ಟೀಲಿನ ಗಟ್ಟಿ ಪೈಪ್ ಇರುತ್ತದೆ. ಹಳೇ ಜೀಪು, ಟೆಂಪೋ ಕಾಲದ ಮೆಕ್ಯಾನಿಕ್‌ಗಳಿಗೆ ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಪೈಪಿನ ನಟ್ ಸಡಿಲ ಮಾಡಿ ಯಾವ ಸಿಲಿಂಡರ್ ಸತ್ತಿದೆ ಅಂತ ನೋಡುವ ಅಭ್ಯಾಸ ಇದೆ. ನನಗೂ ನನ್ನ ಉಸ್ತಾದರು ಹಾಗೇ ಕಲಿಸಿದ್ದರು. ಕಾಮನ್ ರೈಲಿನಲ್ಲಿ ಅದನ್ನು ಮಾಡಿದರೆ 300 ಬಾರ್ ಡೀಸೆಲ್ ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ. ಹೊರಗೆ ಒಂದು ಚುಕ್ಕೆ ಕಾಣುತ್ತದೆ ಅಷ್ಟೇ, ಒಳಗೆ ಬೆರಳು ಕೊಳೆಯುತ್ತದೆ. ಯಾರಾದರೂ ನಿಮ್ಮ ಮುಂದೆ ಸ್ಪ್ಯಾನರ್ ಹಿಡಿದು ಆ ನಟ್‌ಗೆ ಕೈ ಹಾಕಿದರೆ ಎಂಜಿನ್ ಆಫ್ ಮಾಡಿ, ಅಲ್ಲಿಂದ ಗಾಡಿ ತಗೊಂಡು ಬನ್ನಿ.

ಸ್ಕ್ಯಾನರ್ ಹಾಕಿಸಿ, ಆದರೆ ‘ಕೋಡ್ ಏನೂ ಇಲ್ಲ’, ಅಂದರೆ ಇಸಿಯು ಯಾವ ದೋಷವನ್ನೂ ಬರೆದಿಟ್ಟಿಲ್ಲ, ಅಂದ ಕೂಡಲೇ ಸಮಾಧಾನ ಬೇಡ. ಕೋಡ್ ಅಳಿಸುವುದು ಅರ್ಧ ನಿಮಿಷದ ಕೆಲಸ. ಜೊತೆಗೆ ನಿಧಾನಕ್ಕೆ ಸವೆಯುವ ಇಂಜೆಕ್ಟರ್ ಎಷ್ಟೋ ತಿಂಗಳು ಕೋಡ್ ಬರಿಸದೆ ಓಡಿಸುತ್ತದೆ. ಯಾಕೆಂದರೆ ಇಸಿಯು ಜಾಣ. ಒಂದು ಸಿಲಿಂಡರ್ ಹಿಂದೆ ಬಿದ್ದರೆ ಅದಕ್ಕೆ ಸ್ವಲ್ಪ ಜಾಸ್ತಿ ಡೀಸೆಲ್ ಕೊಟ್ಟು, ಮುಂದೆ ಓಡುವುದಕ್ಕೆ ಕಡಿಮೆ ಮಾಡಿ ಸರಿದೂಗಿಸುತ್ತದೆ. ಆ ತಿದ್ದುಪಡಿಯ ಅಂಕಿ ಲೈವ್ ಡೇಟಾದಲ್ಲಿ ಸಿಗುತ್ತದೆ. ನಾಲ್ಕೂ ಸೊನ್ನೆಯ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಮೂರು ಸೊನ್ನೆ ಹತ್ತಿರ ಇದ್ದು ಒಂದು ಮಾತ್ರ ದೂರ ಹೋಗಿದ್ದರೆ ಆ ಸಿಲಿಂಡರಿನ ಮೇಲೆ ಅನುಮಾನ. ಆಗ ನಾವು ಅದರ ಇಂಜೆಕ್ಟರನ್ನು ಪಕ್ಕದ್ದರ ಜೊತೆ ಅದಲು ಬದಲು ಮಾಡಿ, ಇಂಜೆಕ್ಟರಿನ ತಲೆಯ ಮೇಲೆ ಕೊರೆದಿರುವ ಅದರದ್ದೇ ಕೋಡನ್ನೂ ಇಸಿಯುನಲ್ಲಿ ಬದಲಿಸಿ ಮತ್ತೆ ನೋಡುತ್ತೇವೆ. ಅಂಕಿ ಇಂಜೆಕ್ಟರಿನ ಜೊತೆ ಹೋದರೆ ದೋಷ ಇಂಜೆಕ್ಟರಿನದು. ಅಲ್ಲೇ ಉಳಿದರೆ ಕಂಪ್ರೆಶನ್ ಸಮಸ್ಯೆ, ಅಂದರೆ ಎಂಜಿನ್ ಕೆಲಸ. ಹಾಗಿದ್ದರೆ ನಿಮಗೆ ನನ್ನ ಉತ್ತರ ಒಂದೇ ಮಾತು, ಬಿಟ್ಟುಬಿಡಿ. ಸೆಲ್ಫ್ ಹೊಡೆಯುವಾಗ ರೈಲ್ ಪ್ರೆಶರ್ ಎಷ್ಟು ಬೇಗ ಏರುತ್ತದೆ ಅನ್ನುವುದನ್ನೂ ಬಿಸಿಯಲ್ಲೊಮ್ಮೆ, ತಣ್ಣಗಿದ್ದಾಗ ಒಮ್ಮೆ ನೋಡಿಸಿ.

ಈಗ ಬಿಸಿಲಿಗೆ ಹಿಡಿಯಿರಿ ಅಂದ ಗ್ಲಾಸಿನ ವಿಷಯ. ಕೆಲವು ವರ್ಷದ ಹಿಂದೆ ಒಬ್ಬರು ಕಾರು ತಂದರು. ಎರಡು ತಿಂಗಳ ಹಿಂದಷ್ಟೇ ಬೇರೆ ಕಡೆ ನಾಲ್ಕೂ ಇಂಜೆಕ್ಟರ್ ರಿಪೇರಿ ಮಾಡಿಸಿದ್ದರು. ಬಿಲ್ ಇತ್ತು, ವಾರಂಟಿ ಇತ್ತು. ಮತ್ತೆ ಅದೇ ತೊಂದರೆ. ನನ್ನ ಹುಡುಗ ಫಿಲ್ಟರ್ ಬಿಚ್ಚಿ ಡೀಸೆಲ್ ಟ್ರೇಗೆ ಸುರಿದ. ತಳದಲ್ಲಿ ಮಿಣಿ ಮಿಣಿ ಮಿನುಗು, ಹಬ್ಬದಲ್ಲಿ ಮಕ್ಕಳು ಕೆನ್ನೆಗೆ ಹಚ್ಚಿಕೊಳ್ಳುತ್ತಾರಲ್ಲ, ಆ ಥರ. ಅದು ಲೋಹದ ಪುಡಿ. ಹೈ ಪ್ರೆಶರ್ ಪಂಪ್ ಒಳಗೆ ಉಜ್ಜಿ ಉಜ್ಜಿ ತನ್ನನ್ನೇ ಪುಡಿ ಮಾಡಿಕೊಳ್ಳುತ್ತಿತ್ತು. ಆ ಪುಡಿ ಇಂಜೆಕ್ಟರಿಗೆ ಹೋಗಿ, ಅಲ್ಲಿಂದ ರಿಟರ್ನ್ ಪೈಪಿನಲ್ಲಿ ವಾಪಸ್ ಬಂದು, ಮತ್ತೆ ಸುತ್ತುತ್ತಿತ್ತು. ಹೊಸ ಇಂಜೆಕ್ಟರ್ ಎಷ್ಟು ಹಾಕಿದರೂ ತಿಂದುಹಾಕುತ್ತದೆ. ಪಂಪ್, ರೈಲ್, ಪೈಪ್, ಇಂಜೆಕ್ಟರ್ ಎಲ್ಲ ಬದಲಿಸಿ ಟ್ಯಾಂಕ್ ಇಳಿಸಿ ತೊಳೆಯಬೇಕು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ನಿಮ್ಮ ಗ್ಲಾಸಿನಲ್ಲಿ ಆ ಮಿನುಗು ಕಂಡರೆ ಮುಂದಿನ ಯಾವ ಪರೀಕ್ಷೆಯೂ ಬೇಡ, ನಮಸ್ಕಾರ ಹೇಳಿ ಬನ್ನಿ.

ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಕಡಿಮೆ ಇದ್ದರೆ ಒಂದು ಮಾತು. ಮೇಲಿನ ಗೆರೆ ದಾಟಿದ್ದರೆ ಅದಕ್ಕಿಂತ ಕೆಟ್ಟದ್ದು. ಹನಿ ಹಾಕುವ ನಾಜಲ್‌ನಿಂದ ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಲ್ಲಿ ಇಳಿದು ಆಯಿಲಿಗೆ ಸೇರಿರುತ್ತದೆ. ಬೆರಳಿನಲ್ಲಿ ತಿಕ್ಕಿ ಮೂಸಿ, ಡೀಸೆಲ್ ವಾಸನೆ ಇದ್ದರೆ ಗೊತ್ತಾಗುತ್ತದೆ. ತೆಳುವಾದ ಆಯಿಲಿನಲ್ಲಿ ಓಡಿದ ಟರ್ಬೊ, ಬೇರಿಂಗ್, ಟೈಮಿಂಗ್ ಚೈನ್ ಇವೆಲ್ಲದರ ಆಯುಸ್ಸು ಕಡಿಮೆ ಆಗಿರುತ್ತದೆ. ಇಂಜೆಕ್ಟರ್ ಬದಲಿಸಿದರೂ ಅದು ವಾಪಸ್ ಬರುವುದಿಲ್ಲ. ಇನ್ನು ಇಂಜೆಕ್ಟರಿನ ಬುಡದಲ್ಲಿ ಟಾರಿನ ಹಾಗೆ ಕಪ್ಪು ಗಟ್ಟಿಯಾಗಿದೆಯಾ ನೋಡಿ. ಅಡಿಯ ತಾಮ್ರದ ವಾಷರ್ ಸೋರಿದರೆ ಹಾಗಾಗುತ್ತದೆ, ಚುಸ್ ಚುಸ್ ಅಂತ ಸದ್ದೂ ಬರುತ್ತದೆ. ವಾಷರಿನ ಬೆಲೆ ಏನೂ ಅಲ್ಲ. ಆದರೆ ಆ ಟಾರಿನಲ್ಲಿ ಇಂಜೆಕ್ಟರ್ ಹೆಡ್‌ಗೆ ಕಚ್ಚಿಕೊಂಡಿದ್ದರೆ ಎಳೆಯುವಾಗ ಮುರಿಯಬಹುದು. ಬಿಚ್ಚುವ ಮುಂಚೆ ‘ಮುರಿದರೆ ಯಾರ ತಲೆಗೆ’ ಅಂತ ಮಾತಾಡಿಕೊಳ್ಳದ ಗ್ಯಾರೇಜಿನಲ್ಲಿ ಆಮೇಲೆ ಜಗಳ ಗ್ಯಾರಂಟಿ.

ಕ್ಲೀನರ್ ಬಾಟಲಿ ಬಗ್ಗೆ ಹೇಳಬೇಕು, ಯಾಕೆಂದರೆ ಎಲ್ಲರೂ ಕೇಳುತ್ತಾರೆ. ನಾಜಲ್ ತುದಿಗೆ ಕಟ್ಟಿದ ಕಿಟ್ಟವನ್ನು ಅದು ಸ್ವಲ್ಪ ಮಟ್ಟಿಗೆ ಬಿಡಿಸಬಹುದು. ಸವೆದ ಲೋಹವನ್ನು ಅದು ಬೆಳೆಸುವುದಿಲ್ಲ. ನಿಮ್ಮ ಕಾರಿನ ಲಕ್ಷಣ ಸವೆತದ್ದು. ಬಾಟಲಿ ಹಾಕಿದ ಮೇಲೆ ಸರಿ ಹೋಯಿತು ಅಂತ ಮಾಲೀಕರು ಹೇಳಿದರೆ ಮತ್ತೆ ಚಹಾ ಕುಡಿದು ಬಂದು ನೋಡಿ.

‘ಈಗಿನ ಬಿಎಸ್ 6 ಡೀಸೆಲ್ ಹಳೇ ಗಾಡಿಗೆ ಆಗಲ್ಲ, ಅದಕ್ಕೇ ಇಂಜೆಕ್ಟರ್ ಹೋಗ್ತವೆ’ ಅನ್ನುವ ಮಾತೂ ಓಡಾಡುತ್ತಿದೆ. ಅರ್ಧ ನಿಜ ಇಟ್ಟುಕೊಂಡು ಹುಟ್ಟಿದ ಪೂರ್ತಿ ಸುಳ್ಳು. ಬಿಎಸ್ ಅಂದರೆ ಸರಕಾರದ ಹೊಗೆ ಮಾನಕ. ಬಿಎಸ್ 4ರಲ್ಲಿ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ಇದ್ದ ಗಂಧಕವನ್ನು 2020ರಿಂದ ದೇಶದ ಎಲ್ಲ ಕಡೆ 10ಕ್ಕೆ ಇಳಿಸಿದರು. ಗಂಧಕ ತೆಗೆಯುವಾಗ ಡೀಸೆಲ್ಲಿನ ಸಹಜ ಜಾರುಗುಣವೂ ಕಡಿಮೆ ಆಗುತ್ತದೆ, ಅಷ್ಟು ನಿಜ. ಅದಕ್ಕೆ ಅಂತಲೇ ರಿಫೈನರಿಯಲ್ಲಿ ಬೇರೆ ಅಂಶ ಸೇರಿಸುತ್ತಾರೆ. ಜಾರುಗುಣ ಎಷ್ಟಿರಬೇಕು ಅಂತ ಐಎಸ್ 1460 ಅನ್ನುವ ಮಾನಕದಲ್ಲೇ ಮಿತಿ ಹಾಕಿದ್ದಾರೆ. ಇಂಜೆಕ್ಟರನ್ನು ನಿಜವಾಗಿ ಕೊಲ್ಲುವುದು ಸೀಮೆಎಣ್ಣೆ ಬೆರಕೆ, ಕ್ಯಾನಿನಲ್ಲಿ ತಂದ ಡೀಸೆಲ್ ಜೊತೆ ಬರುವ ನೀರು ಮತ್ತು ಧೂಳು, ಮತ್ತೆ ಬದಲಿಸದೇ ಬಿಟ್ಟ ಫಿಲ್ಟರ್. ಒಳಗಿನ ಭಾಗಗಳ ನಡುವಿನ ಸಂದು ಎರಡು ಮೂರು ಮೈಕ್ರಾನ್. ತಲೆಗೂದಲು ಅದರ ಇಪ್ಪತ್ತು ಪಟ್ಟಿಗಿಂತ ದಪ್ಪ. ಅಲ್ಲಿಗೆ ಅಗ್ಗದ ಲೋಕಲ್ ಫಿಲ್ಟರ್ ಹಾಕಿ ಐನೂರು ಉಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ನನ್ನ ಹೊಟ್ಟೆ ತುಂಬುವುದು ಅವರಿಂದಲೇ ಆದರೂ.

ವಾಟ್ಸಾಪ್‌ನ ಹತ್ತು ವರ್ಷದ ಸುದ್ದಿ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದ್ದು. ಹಸಿರು ನ್ಯಾಯಮಂಡಳಿ 2015ರಲ್ಲಿ ಕೊಟ್ಟ ಆದೇಶದಿಂದ ಶುರುವಾದದ್ದು. ಕರ್ನಾಟಕದಲ್ಲಿ ಹಾಗಿಲ್ಲ. ನಿಮ್ಮ ಕಾರಿನ ಆರ್‌ಸಿ 15 ವರ್ಷಕ್ಕೆ, ಅಂದರೆ 2029ರ ತನಕ ಇರುತ್ತದೆ, ತಾರೀಖು ಕಾರ್ಡಿನಲ್ಲೇ ಇದೆ. ಆಮೇಲೆ ಫಿಟ್‌ನೆಸ್ ಮಾಡಿಸಿ ನವೀಕರಿಸಬೇಕು, ಹಸಿರು ತೆರಿಗೆಯೂ ಬೀಳುತ್ತದೆ. ಆ ಖರ್ಚು ದೂರ ಇಲ್ಲ, ಬೆಲೆ ಮಾತಾಡುವಾಗ ನೆನಪಿರಲಿ. ಕಾರಿನ ಮೇಲೆ ಸಾಲ ಇದ್ದಿದ್ದರೆ ಬ್ಯಾಂಕಿನ ಎನ್ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರದೆ ಅಡ್ವಾನ್ಸ್ ಕೊಡಬೇಡಿ.

ಇನ್ನು ದುಡ್ಡಿನ ಲೆಕ್ಕ. ನೀವು ನೋಡಿದ ಅಳತೆಯ 1.3 ಲೀಟರ್ ಎಂಜಿನ್ ಅಂದರೆ ಹೆಚ್ಚಾಗಿ ಫಿಯಟ್ ಮೂಲದ್ದು. ಮಾರುತಿ, ಟಾಟಾ, ಫಿಯಟ್ ಮೂರೂ ಕಂಪನಿಯ ಎಷ್ಟೋ ಕಾರುಗಳಲ್ಲಿ 2020ರ ತನಕ ಅದೇ ಇತ್ತು. ಹಾಗಾಗಿ ಬಿಡಿಭಾಗಕ್ಕೆ, ಕೆಲಸ ಗೊತ್ತಿದ್ದವರಿಗೆ ಬರ ಇಲ್ಲ. ನಮ್ಮ ಕಡೆ ಒಂದು ಹೊಸ ಇಂಜೆಕ್ಟರಿಗೆ 15,000ದಿಂದ 25,000 ಹಿಡಿಯಿರಿ. ಒಳಗಿನ ವಾಲ್ವ್ ಸೆಟ್, ನಾಜಲ್ ಒರಿಜಿನಲ್ ಹಾಕಿ ಟೆಸ್ಟ್ ಬೆಂಚಿನಲ್ಲಿ ಸೆಟ್ ಮಾಡಿಕೊಟ್ಟರೆ ಸುಮಾರು ಅದರ ಅರ್ಧ. ಊರಿಂದ ಊರಿಗೆ ಬದಲಾಗುತ್ತದೆ, ಬರೆಸಿಕೊಂಡೇ ಲೆಕ್ಕ ಹಾಕಿ. ಒಂದು ಹೋದರೆ ನಾಲ್ಕೂ ಬದಲಿಸಲೇಬೇಕು ಅನ್ನುವುದು ಸುಳ್ಳು. ನಾಲ್ಕನ್ನೂ ಬಿಚ್ಚಿ ಬೆಂಚಿನ ಮೇಲೆ ಪರೀಕ್ಷೆ ಮಾಡಬೇಕು ಅನ್ನುವುದು ನಿಜ. ಮೂರು ಪಾಸಾದರೆ ಒಂದನ್ನೇ ಮಾಡಿಸಿ. ಹೊಸದು ಹಾಕಿದಾಗ ಅದರ ತಲೆಯ ಮೇಲೆ ಕೊರೆದಿರುವ ಅಕ್ಷರ ಅಂಕಿಗಳ ಕೋಡನ್ನು ಇಸಿಯುಗೆ ತುಂಬಬೇಕು. ತುಂಬದೆ ಬಿಟ್ಟರೆ ಹೊಸ ಇಂಜೆಕ್ಟರ್ ಹಾಕಿಯೂ ಟಕ್ ಟಕ್ ಹೋಗುವುದಿಲ್ಲ.

‘ನಾನೇ ರಿಪೇರಿ ಮಾಡಿಸಿ ಕೊಡ್ತೀನಿ’ ಅಂತ ಮಾಲೀಕರು ಹೇಳಬಹುದು. ಕೇಳಲು ಚೆನ್ನಾಗಿದೆ, ನನಗೆ ಇಷ್ಟ ಇಲ್ಲ. ಮಾರುವ ಗಾಡಿಗೆ ಯಾರೂ ಒಳ್ಳೇ ಸಾಮಾನು ಹಾಕಿಸುವುದಿಲ್ಲ. ಅಗ್ಗದ ಕಿಟ್ ಹಾಕಿದ ಇಂಜೆಕ್ಟರ್ ನಿಮ್ಮ ಹೆಸರಿಗೆ ಆರ್‌ಸಿ ಆಗುವ ತನಕ ಚೆನ್ನಾಗಿರುತ್ತದೆ. ಒಪ್ಪುವುದಾದರೆ ಗ್ಯಾರೇಜ್ ನೀವು ಹೇಳಿದ್ದಾಗಲಿ, ಬಿಲ್ಲು ಬೆಂಚ್ ರಿಪೋರ್ಟ್ ಸಮೇತ ಬರಲಿ, ಬಿಚ್ಚಿದ ಹಳೇ ಭಾಗ ನಿಮ್ಮ ಕೈಗೆ ಸಿಗಲಿ.

ನಾನಾಗಿದ್ದರೆ ಹೀಗೆ ಮಾಡುತ್ತೇನೆ. ಪರೀಕ್ಷೆಯಲ್ಲಿ ಒಂದೋ ಎರಡೋ ಇಂಜೆಕ್ಟರ್ ಮಾತ್ರ ಕೆಟ್ಟಿದ್ದು, ಆಯಿಲ್, ಕಂಪ್ರೆಶನ್, ಗ್ಲಾಸು ಮೂರೂ ಸ್ವಚ್ಛ ಇದ್ದರೆ, ಬರೆಸಿಕೊಂಡ ರಿಪೇರಿ ಬೆಲೆಯ ಮೇಲೆ ಇನ್ನೊಂದು 15,000 ಸೇರಿಸಿ ಅಷ್ಟು ಕಡಿಮೆಗೆ ಕೇಳುತ್ತೇನೆ. ಬಿಚ್ಚಿದ ಮೇಲೆ ಏನಾದರೊಂದು ಹೊಸದು ಹೊರಡುತ್ತದೆ, ಆ 15,000 ಅದಕ್ಕೆ. ನಾಲ್ಕೂ ಹೋಗಿದ್ದರೆ ಲಕ್ಷದ ಹತ್ತಿರ ಕಡಿಮೆ ಆಗದೆ ಮುಟ್ಟುವುದಿಲ್ಲ. 20,000 ಕಡಿಮೆ ಮಾಡಿಸಿಕೊಂಡು ‘ಸದ್ಯಕ್ಕೆ ಓಡ್ತಾ ಇದೆಯಲ್ಲ’ ಅಂತ ಹಾಗೇ ಓಡಿಸುವುದು ಮಾತ್ರ ಬೇಡವೇ ಬೇಡ. ಹನಿ ಹಾಕುವ ನಾಜಲ್ ಒಂದು ದಿನ ತೆರೆದೇ ನಿಂತರೆ ಪಿಸ್ಟನ್ ತಲೆ ಕರಗಿ ತೂತಾಗುತ್ತದೆ. ಅಮ್ಮನನ್ನು ಕೂರಿಸಿಕೊಂಡು ಹುಬ್ಬಳ್ಳಿಗೆ ಹೊರಟ ದಿನವೇ ಆಗಬಹುದು.

ನೀವು ಕೇಳದ ಪ್ರಶ್ನೆಯನ್ನೂ ಕೇಳುತ್ತೇನೆ, ನಿಮಗೆ ಡೀಸೆಲ್ಲೇ ಬೇಕಾ? ನಿಮ್ಮ ಓಡಾಟ ಲೆಕ್ಕ ಹಾಕಿದರೆ ವರ್ಷಕ್ಕೆ 11,000 ಕಿ.ಮೀ. ಹತ್ತಿರ ಬರುತ್ತದೆ. ಡೀಸೆಲ್ ಲೀಟರಿಗೆ 91, ಪೆಟ್ರೋಲ್ 103 ಅಂತ ಹಿಡಿಯೋಣ. ಡೀಸೆಲ್ ಕಾರು 18, ಪೆಟ್ರೋಲ್ ಕಾರು 15 ಕಿ.ಮೀ. ಕೊಟ್ಟರೆ ವರ್ಷಕ್ಕೆ ಉಳಿಯುವುದು 20,000 ರೂಪಾಯಿ. ನಾಲ್ಕು ಇಂಜೆಕ್ಟರ್ ಹೊಸದು ಹಾಕಿಸಿದರೆ ನಾಲ್ಕು ವರ್ಷದ ಉಳಿತಾಯ ಒಂದೇ ಬಿಲ್ಲಿಗೆ ಹೋಯಿತು. ಘಟ್ಟದಲ್ಲಿ ಡೀಸೆಲ್ ಎಳೆಯುವ ಸುಖವೇ ಬೇರೆ, ಒಪ್ಪುತ್ತೇನೆ. ನಾನೂ ಡೀಸೆಲ್ಲೇ ಓಡಿಸುವುದು. ಆದರೆ ನನಗೆ ರಿಪೇರಿ ಪುಕ್ಕಟೆ.

ಭಾವನ ವಿಷಯ ಕೊನೆಗೆ. ಪರೀಕ್ಷೆಯ ಖರ್ಚು ನಾನೇ ಕೊಡುತ್ತೇನೆ ಅಂತ ಮೊದಲೇ ಹೇಳಿಬಿಡಿ, ಆಗ ಯಾರಿಗೂ ಅವಮಾನ ಅನಿಸುವುದಿಲ್ಲ. ಶಿರಸಿಯಲ್ಲೋ ಹುಬ್ಬಳ್ಳಿಯಲ್ಲೋ ಪಂಪ್ ನಾಜಲ್ ಕೆಲಸದವರ ಹತ್ತಿರ ಒಂದು ಬೆಳಿಗ್ಗೆ ಗೊತ್ತು ಮಾಡಿ. ಮಾಲೀಕರನ್ನೂ ಭಾವನನ್ನೂ ಜೊತೆಗೆ ಕರ್ಕೊಂಡು ಹೋಗಿ, ಬಾಟಲಿ ಕಟ್ಟುವಾಗ ಇಬ್ಬರನ್ನೂ ಬಾನೆಟ್ ಪಕ್ಕವೇ ನಿಲ್ಲಿಸಿ. ನಾಲ್ಕೂ ಬಾಟಲಿ ಸಮ ಬಂದರೆ ಅನುಮಾನ ಪಟ್ಟಿದ್ದಕ್ಕೆ ನೀವೇ ಊಟ ಹಾಕಿಸಿ. ಒಂದು ಮಾತ್ರ ಓಡಿ ತುಂಬಿದರೆ ಬೆಲೆ ಕಡಿಮೆ ಮಾಡಿ ಅಂತ ನೀವು ಬಾಯಿ ಬಿಡಬೇಕಾಗಿಲ್ಲ, ಆ ಮಾತು ಭಾವನೇ ಶುರು ಮಾಡುತ್ತಾರೆ.